ಗೇಟು ತೆರೆದ ಮೇಲೆ ಅವರಿಬ್ಬರು ಎಲ್ಲಿಗೆ ಹೋಗಬೇಕು?

ಕೋಟೆ ನೆರಳು, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಎರಡು ವರ್ಷ ಆಯಿತು, ಬರೆದದ್ದು ಕಮ್ಮಿ. ಇವತ್ತು ಬರೆದೇ ಮಲಗಬೇಕು ಅನ್ನಿಸಿದೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ಮೊನ್ನೆ ಭಾನುವಾರ ಸತ್ಯನಾರಾಯಣಪೇಟೆಯ ಗೆಳೆಯನ ರೂಮಿನಲ್ಲಿ ನಾಲ್ಕು ಜನ ಕೂತು ಒಂದು ಬೆಲ್ಜಿಯಂ ಸಿನಿಮಾ ನೋಡಿದೆವು. ಹೆಸರು 'ಲ ಪಾರಾದಿ', ಇಂಗ್ಲಿಷಿನಲ್ಲಿ 'ದಿ ಲಾಸ್ಟ್ ಬಾಯ್ಸ್'. 2023ರದ್ದು. ಝೆನೋ ಗ್ರಾಟನ್ ಎಂಬುವವರ ಮೊದಲ ದೊಡ್ಡ ಚಿತ್ರ. ಬರ್ಲಿನ್ ಚಿತ್ರೋತ್ಸವದಲ್ಲಿ ಹದಿಹರೆಯದವರಿಗೆ ಅಂತ ಇರುವ ವಿಭಾಗದಲ್ಲಿ ತೋರಿಸಿದ್ದರು. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗರನ್ನು ಇಡುವ ಕೇಂದ್ರದಲ್ಲಿ ಕಥೆ ನಡೆಯುತ್ತದೆ. ನಮ್ಮ ಕಡೆ ಜನ ರಿಮ್ಯಾಂಡ್ ಹೋಂ ಅಂತಾರಲ್ಲ, ಅಂಥದ್ದು. ಜೋ ಎಂಬ ಹುಡುಗನಿಗೆ ಬಿಡುಗಡೆ ಹತ್ತಿರ ಬಂದಿದೆ. ಅಷ್ಟರಲ್ಲಿ ಪಕ್ಕದ ಕೋಣೆಗೆ ವಿಲಿಯಂ ಬರುತ್ತಾನೆ. ಹೊರಗೆ ಹೋಗಬೇಕು ಅನ್ನುವುದೊಂದೇ ತಲೆಯಲ್ಲಿದ್ದ ಜೋಗೆ ಈಗ ಒಳಗೆ ಇರಲು ಕಾರಣ ಸಿಕ್ಕಿಬಿಡುತ್ತದೆ.

ತಂದಿದ್ದ ಒಗ್ಗರಣೆ ಮಿರ್ಚಿ ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ. ಮುಗಿದ ಮೇಲೆ ಒಬ್ಬ ಗೆಳೆಯ ಅಂದ: "ಒಳಗೆ ಹುಡುಗಿಯರೇ ಇಲ್ಲ. ಅದಕ್ಕೇ ಹೀಗಾಗುತ್ತೆ. ಹೊರಗೆ ಬಂದರೆ ಸರಿ ಹೋಗ್ತಾರೆ." ನಾನು ಉತ್ತರ ಕೊಡಲಿಲ್ಲ. ಮನೆಗೆ ನಡೆದುಕೊಂಡೇ ಬಂದೆ. ರಾಯಲ್ ಸರ್ಕಲ್ ದಾಟುವಾಗಲೂ ಅದೇ ಮಾತು ಕಿವಿಯಲ್ಲಿತ್ತು.

ನನಗೆ ಕಂಡದ್ದು ಬೇರೆ. ಆ ಹುಡುಗರಿಗೆ ಹೆಣ್ಣಿನ ಕೊರತೆಯಲ್ಲ. ತಮ್ಮನ್ನು ಕೇಸ್ ನಂಬರ್ ಆಗಿ ನೋಡದ ಒಂದು ಜೊತೆ ಕಣ್ಣಿನ ಕೊರತೆ. ದಿನಾ ಎಣಿಸಿ ಒಳಗೆ ಹಾಕುತ್ತಾರೆ, ಎಣಿಸಿ ಹೊರಗೆ ಬಿಡುತ್ತಾರೆ. ಅಂಥ ಕಡೆ ಒಬ್ಬ ನಿನ್ನ ಹೆಸರು ಹಿಡಿದು ಕರೆದರೆ ಸಾಕು, ಎದೆ ತುಂಬುತ್ತೆ.

ಇದನ್ನು ಹೇಳಲು ನನಗೆ ಕಾರಣ ಇದೆ. ಜೈಲಿಗೆ ಹೋದವನಲ್ಲ ನಾನು. ಆದರೆ ಪಿಯುಸಿ ಓದುವಾಗ ಹಾಸ್ಟೆಲಿನಲ್ಲಿದ್ದೆ. ಯಾವ ಊರು, ಯಾವ ಹಾಸ್ಟೆಲು ಅಂತ ಬರೆಯಲ್ಲ. ನಮಗೂ ಎಣಿಕೆ ಇತ್ತು, ಗೇಟಿಗೆ ಬೀಗ ಇತ್ತು. ಅಲ್ಲಿ ನನಗೊಬ್ಬ ಗೆಳೆಯನಿದ್ದ. ಅವನು ಗಣಿತ ಹೇಳಿಕೊಡುತ್ತಿದ್ದ, ನಾನು ಅವನಿಗೆ ಹಳಗನ್ನಡ ಪದ್ಯ ಬಿಡಿಸಿ ಹೇಳುತ್ತಿದ್ದೆ. ಬೇಸಿಗೆಯಲ್ಲಿ ಒಳಗೆ ಮಲಗಲು ಆಗುತ್ತಿರಲಿಲ್ಲ. ಎಲ್ಲರೂ ಮಾಳಿಗೆ ಮೇಲೆ ಚಾಪೆ ಹಾಕುತ್ತಿದ್ದೆವು. ನಮ್ಮಿಬ್ಬರ ಚಾಪೆ ಪಕ್ಕಪಕ್ಕ. ಮಾತು ಮುಗಿಯುತ್ತಲೇ ಇರಲಿಲ್ಲ. ಒಂದು ಸಲ ಅವನು ನನಗೆ ಪತ್ರ ಬರೆದ. ಅದು ವಾರ್ಡನ್ ಕೈಗೆ ಸಿಕ್ಕಿತು. ಊಟದ ಹಾಲ್‌ನಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಮರುದಿನ ಅವನ ಅಪ್ಪ ಬಂದು ಟ್ರಂಕು ಸಮೇತ ಕರೆದುಕೊಂಡು ಹೋದರು. ಪರೀಕ್ಷೆಗೂ ಬರಲಿಲ್ಲ.

ಇದೇ ನನ್ನ ಪ್ರಶ್ನೆ. ಇಂಥ ಸಿನಿಮಾಗಳಲ್ಲಿ ಪ್ರೀತಿ ಹುಟ್ಟುವುದು ಒಳಗೆ. ಗೇಟು ತೆರೆದ ಮೇಲೆ ಆ ಇಬ್ಬರು ಎಲ್ಲಿಗೆ ಹೋಗಬೇಕು? ಯಾವ ಸಿನಿಮಾ ಇದಕ್ಕೆ ಉತ್ತರ ಹುಡುಕಿದೆ? ನೋಡಿದವರು ಹೇಳಿ.

ಸಿರುಗುಪ್ಪ ಭತ್ತ

ಅಣ್ಣಾ, ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಗೆಳೆಯ ಹೇಳಿದ್ದರಲ್ಲಿ ತಪ್ಪೇನಿದೆ? ಜೈಲು, ಹಾಸ್ಟೆಲು, ಮಿಲಿಟರಿ, ಎಲ್ಲ ಕಡೆ ಗಂಡಸರೇ ಇರುತ್ತಾರೆ. ಅಲ್ಲಿ ಹೀಗೆ ಆಗುತ್ತದೆ ಅಂತ ನಾನೂ ಕೇಳಿದ್ದೇನೆ. ಅದನ್ನು ಪ್ರೀತಿ ಅಂತ ಸಿನಿಮಾ ಮಾಡಿದರೆ ಚಿಕ್ಕ ಹುಡುಗರ ತಲೆ ಕೆಡುವುದಿಲ್ಲವೇ? ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಹಾಸ್ಟೆಲಿನಲ್ಲಿದ್ದಾನೆ. ಅದಕ್ಕೇ ಕೇಳಿದ್ದು.

ರೀಲು ಡಬ್ಬಿ, ಗಂಗಾವತಿ

ಭತ್ತದವರೇ, ಹಾಸ್ಟೆಲಿಗೆ ಮಗನನ್ನು ಬಿಟ್ಟ ತಂದೆಯ ಪ್ರಶ್ನೆ ಇದು. ಅದಕ್ಕೆ ಗೌರವ ಕೊಟ್ಟೇ ಉತ್ತರಿಸುತ್ತೇನೆ. ನನಗೆ ಈಗ ಅರವತ್ತೆರಡು. ಫಿಲ್ಮ್ ಸೊಸೈಟಿಗಳ ಹುಚ್ಚು ಹತ್ತಿದ್ದು ಇಪ್ಪತ್ತರಲ್ಲಿ.

ಈ ಜಾತಿಯ ಸಿನಿಮಾಗಳ ಮೂಲಕ್ಕೆ ಹೋದರೆ ಒಬ್ಬ ಮನುಷ್ಯ ಸಿಗುತ್ತಾನೆ. ಫ್ರಾನ್ಸಿನ ಲೇಖಕ ಜಾನ್ ಜೆನೆ. 1926ರಲ್ಲಿ, 15ನೇ ವಯಸ್ಸಿಗೆ, ಅವನನ್ನು ಮೆತ್ರೇ ಎಂಬ ಊರಿನ ಬಾಲಾಪರಾಧಿಗಳ ಕಾಲೊನಿಗೆ ಹಾಕಿದರು. ಮುಂದೆ ದೊಡ್ಡವನಾದ ಮೇಲೂ ಕಳ್ಳತನಕ್ಕೆ ಜೈಲಿಗೆ ಹೋಗಿ ಬಂದ. ಅವನು ಜೀವನದಲ್ಲಿ ನಿರ್ದೇಶಿಸಿದ್ದು ಒಂದೇ ಚಿತ್ರ, 1950ರಲ್ಲಿ. ಅರ್ಧ ಗಂಟೆಯೂ ಇಲ್ಲ. ಮಾತಿಲ್ಲ, ಬಣ್ಣವಿಲ್ಲ. ಅಕ್ಕಪಕ್ಕದ ಎರಡು ಕೋಣೆಯಲ್ಲಿ ಇಬ್ಬರು ವಯಸ್ಕ ಕೈದಿಗಳು. ನಡುವೆ ದಪ್ಪ ಗೋಡೆ. ಗೋಡೆಯಲ್ಲಿ ಒಂದು ಸಣ್ಣ ತೂತು. ಒಬ್ಬ ಒಣಹುಲ್ಲಿನ ಕಡ್ಡಿ ತೂರಿಸಿ ಸಿಗರೇಟು ಹೊಗೆ ಊದುತ್ತಾನೆ, ಆ ಕಡೆಯವನು ಅದನ್ನು ಎಳೆದುಕೊಳ್ಳುತ್ತಾನೆ. ಅಷ್ಟೇ. ಆ ಹೊಗೆಯಲ್ಲಿ ಇರುವಷ್ಟು ಪ್ರೀತಿ ನಾನು ನೋಡಿದ ಎಷ್ಟೋ ಹಾಡುಗಳಲ್ಲಿ ಇಲ್ಲ. ಆ ಚಿತ್ರವನ್ನು ಬಹಳ ವರ್ಷ ಬಚ್ಚಿಟ್ಟುಕೊಂಡೇ ತೋರಿಸಬೇಕಾಯಿತು.

ಇನ್ನು ಬ್ರಿಟನ್ನಿನ ಕಥೆ ಕೇಳಿ. ಅಲ್ಲಿ ಬಾರ್‌ಸ್ಟಲ್ ಅಂತ ಹುಡುಗರ ಜೈಲುಗಳಿದ್ದವು. ಕೆಂಟ್‌ನ ಒಂದು ಹಳ್ಳಿಯ ಹೆಸರದು. ನಮ್ಮಲ್ಲೂ ಆ ಹೆಸರಿನ ಕಾನೂನೇ ಬಂದಿತ್ತು. 1977ರಲ್ಲಿ ಅಲನ್ ಕ್ಲಾರ್ಕ್ ಬಿಬಿಸಿಗಾಗಿ 'ಸ್ಕಮ್' ಅನ್ನುವ ಟಿವಿ ಚಿತ್ರ ಮಾಡಿದ. ಬಿಬಿಸಿ ಅದನ್ನು ಪ್ರಸಾರ ಮಾಡಲಿಲ್ಲ. ಎರಡು ವರ್ಷ ಬಿಟ್ಟು, 1979ರಲ್ಲಿ, ಅದೇ ಕಥೆಯನ್ನು ಥಿಯೇಟರಿಗೆ ಮತ್ತೆ ತೆಗೆದ. ಟಿವಿ ಚಿತ್ರದಲ್ಲಿ ನಾಯಕ ಕಾರ್ಲಿನ್ ಇನ್ನೊಬ್ಬ ಹುಡುಗನನ್ನು ತನ್ನವನಾಗಿ ಮಾಡಿಕೊಳ್ಳುವ ಎಳೆ ಒಂದಿತ್ತು. ಥಿಯೇಟರಿಗೆ ಬರುವಾಗ ಅದು ಹೋಯಿತು. ಹುಡುಗನೊಬ್ಬನ ಮೇಲೆ ನಡೆಯುವ ಅತ್ಯಾಚಾರ ಮಾತ್ರ ಉಳಿಯಿತು. ಯೋಚನೆ ಮಾಡಿ. ಗಂಡು ಗಂಡಿನ ನಡುವಿನ ಹಿಂಸೆ ಪರದೆಗೆ ಬರಬಹುದು, ಒಲವಿನಂಥದ್ದು ಏನಾದರೂ ಇದ್ದರೆ ಅದು ಕತ್ತರಿಗೆ. ಇದು ಆ ಒಂದು ಚಿತ್ರದ ಕಥೆಯಲ್ಲ. ಹುಡುಗರ ಜೈಲಿನ ಸಿನಿಮಾ ಅಂದರೆ ಬಹಳ ಕಾಲ ಹೀಗೇ ಇತ್ತು.

ಅದಕ್ಕೇ ಜನರಿಗೆ ಜೈಲು ಅಂದ ಕೂಡಲೇ ಆ ಹಿಂಸೆಯೊಂದೇ ಮನಸ್ಸಿಗೆ ಬರುತ್ತದೆ. ನಿಮಗೂ ಬಂದದ್ದು ಅದೇ, ಅಲ್ವಾ?

ಕರಿಕೋಟು, ರಾಯಚೂರು

ನಾನು ವಕೀಲೆ. ಬಾಲ ನ್ಯಾಯ ಮಂಡಳಿಯ ಮುಂದೆ ಮಕ್ಕಳ ಪರ ನಿಂತಿದ್ದೇನೆ. ಸಿನಿಮಾ ಬಗ್ಗೆ ಗೊತ್ತಿರುವುದು ಕಮ್ಮಿ, ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು.

ಸಿರುಗುಪ್ಪದ ಅಣ್ಣನವರ ಭಯದಲ್ಲಿ ಒಂದು ನಿಜ ಇದೆ. ಒಳಗೆ ದೊಡ್ಡ ಹುಡುಗ ಚಿಕ್ಕ ಹುಡುಗನನ್ನು ಹೆದರಿಸುವುದು, ಹಿಂಸಿಸುವುದು ಇದ್ದೇ ಇದೆ. ಅದು ಪ್ರೀತಿ ಅಲ್ಲ. ಅದನ್ನು ಪ್ರೀತಿ ಅಂತ ತೋರಿಸುವ ಸಿನಿಮಾ ನನಗೆ ಬೇಡ. ನಮ್ಮ 2012ರ ಪೋಕ್ಸೊ ಕಾನೂನು 18 ತುಂಬದ ಎಲ್ಲರನ್ನೂ ಮಕ್ಕಳು ಅಂತಲೇ ನೋಡುತ್ತದೆ, ಹುಡುಗನೋ ಹುಡುಗಿಯೋ ಎಂಬ ಭೇದ ಇಲ್ಲ. ಅದಿರಲೇಬೇಕು. ಹದಿಹರೆಯದ ಪಾತ್ರಗಳ ಮೇಲೆ ಕ್ಯಾಮೆರಾ ಇಡುವವರಿಗೂ ಆ ಎಚ್ಚರ ಇರಬೇಕು. ಒಂದು ನೋಟ, ಒಂದು ಚೀಟಿ, ಜೊತೆಗೆ ಕೂತು ತಿಂದ ಒಂದು ತುತ್ತು, ಇದರಲ್ಲೇ ಎಲ್ಲವನ್ನೂ ಹೇಳಬಹುದು. ಹೇಳಲು ಬಾರದವರು ಮಾತ್ರ ಮೈ ತೋರಿಸುತ್ತಾರೆ.

ಆದರೆ ಹಿಂಸೆ ತಡೆಯಬೇಕು ಅಂತ ಸ್ನೇಹವನ್ನೂ ಒಲವನ್ನೂ ಅಪರಾಧ ಮಾಡಿದರೆ ಏನಾಗುತ್ತದೆ ಗೊತ್ತಾ? ಹಿಂಸೆ ಅನುಭವಿಸಿದ ಹುಡುಗನೂ ಬಾಯಿ ಬಿಡುವುದಿಲ್ಲ. ಹೇಳಿದರೆ ತನಗೇ ಆ ಹೆಸರು ಅಂಟುತ್ತದೆ ಅಂತ ಹೆದರುತ್ತಾನೆ. ನಾನು ಕಣ್ಣಾರೆ ಕಂಡಿದ್ದೇನೆ. 2015ರ ಬಾಲ ನ್ಯಾಯ ಕಾಯಿದೆಯಲ್ಲಿ ಮಗುವಿನ ಘನತೆ ಕಾಪಾಡಬೇಕು, ಗುಟ್ಟು ಕಾಪಾಡಬೇಕು ಅಂತ ಬರೆದಿದೆ. ಊಟದ ಹಾಲ್‌ನಲ್ಲಿ ಪತ್ರ ಓದುವುದು ಅದಕ್ಕೆ ಪೂರ್ತಿ ಉಲ್ಟಾ. ಕೋಟೆ ನೆರಳು ಅವರೇ, ನಿಮ್ಮದು ಹಾಸ್ಟೆಲು, ಆ ಕಾಯಿದೆ ನೇರವಾಗಿ ಅನ್ವಯಿಸದೇ ಇರಬಹುದು. ಆದರೂ ಆ ದಿನ ಅಲ್ಲಿ ತಪ್ಪು ಮಾಡಿದ್ದು ನೀವಿಬ್ಬರಲ್ಲ.

ಇನ್ನೊಂದು ವಿಷಯ. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಮಿನ ವಿರುದ್ಧದ ಹೋರಾಟ ನಮ್ಮ ದೇಶದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ್ದೇ ಒಂದು ಜೈಲಿನ ಕಾರಣಕ್ಕೆ. ತಿಹಾರ್ ಜೈಲಿನಲ್ಲಿ ಎಚ್‌ಐವಿ ಹರಡದಂತೆ ಕಾಂಡೋಮ್ ಕೊಡಬೇಕು ಎಂಬ ಮಾತು ಬಂತು. ಅಧಿಕಾರಿಗಳು ಒಪ್ಪಲಿಲ್ಲ. ಆಗ, 1994ರಲ್ಲಿ, ಏಡ್ಸ್ ಭೇದಭಾವ್ ವಿರೋಧಿ ಆಂದೋಲನ ಎಂಬ ಗುಂಪು ದೆಹಲಿ ಹೈಕೋರ್ಟಿಗೆ ಹೋಗಿ 377ನ್ನೇ ತೆಗೆಯಿರಿ ಅಂತ ಕೇಳಿತು. ಆ ಅರ್ಜಿ ನಿಲ್ಲಲಿಲ್ಲ. ಮುಂದೆ ನಾಜ್ ಫೌಂಡೇಶನ್ ಹೋಯಿತು. 2009ರಲ್ಲಿ ಗೆದ್ದೆವು, 2013ರಲ್ಲಿ ಸೋತೆವು, 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿತ ಪ್ರೀತಿಯನ್ನು ಅಪರಾಧದಿಂದ ಹೊರಗೆ ತೆಗೆಯಿತು. ಆ ದಿನ ನಾನು ಕೋರ್ಟ್ ಆವರಣದ ಬೇವಿನ ಮರದ ಕೆಳಗೆ ಕೂತು ಮೊಬೈಲಿನಲ್ಲಿ ತೀರ್ಪು ಓದಿದೆ. ಪಕ್ಕದಲ್ಲಿ ಯಾರಿಗೂ ಹೇಳಲಿಲ್ಲ. ಯಾಕೆ ಅಳುತ್ತಿದ್ದೀರಿ ಅಂತ ಕ್ಲರ್ಕ್ ಕೇಳಿದ. ಬಿಸಿಲು ಅಂದೆ.

ಹುಲಿಗಿ ಹಾದಿ, ಕೊಪ್ಪಳ

ಕರಿಕೋಟು ಅಕ್ಕಾ, ಆ ಬೇವಿನ ಮರ ನನ್ನ ಕಣ್ಣ ಮುಂದೆ ಬಂತು.

ನಾನು ಕೊಪ್ಪಳದಲ್ಲಿ ಪಾಠ ಹೇಳುವವಳು. ಒಂದು ವಿಷಯ ಬಹಳ ದಿನದಿಂದ ತಲೆಯಲ್ಲಿದೆ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಹೋಗಿ ನೋಡಿ. ಜೋಗಪ್ಪಗಳು ತಲೆ ಮೇಲೆ ಕೊಡ ಹೊತ್ತು ಬರುತ್ತಾರೆ. ಚೌಡಿಕೆ ನುಡಿಯುತ್ತದೆ. ನಮ್ಮ ಅಮ್ಮಂದಿರು ಅವರ ಕಾಲಿಗೆ ಬೀಳುತ್ತಾರೆ. ನಮ್ಮ ಭಾಗದ ಜೋಗತಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಮಗೆಲ್ಲ ಹೆಮ್ಮೆ. ಅವರು ಬೀದಿಯಲ್ಲಿ ಬೇಡಿ, ಹೊಡೆತ ತಿಂದು, ಆ ಜಾಗಕ್ಕೆ ಬಂದವರು ಅನ್ನುವುದನ್ನೂ ಮರೆಯಬಾರದು.

ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರಿಗೆ ನಮ್ಮ ಕಡೆ ಒಂದು ಹೆಸರಿದೆ, ಒಬ್ಬ ದೇವಿ ಇದ್ದಾಳೆ, ಒಂದು ಹುಣ್ಣಿಮೆ ಇದೆ. ಗಂಡಾಗಿಯೇ ಇದ್ದು ಇನ್ನೊಬ್ಬ ಗಂಡನ್ನು ಪ್ರೀತಿಸುವ ಹುಡುಗನಿಗೆ ಏನಿದೆ? ಅವನಿಗೆ ದೇವಿ ಇಲ್ಲ, ಜಾತ್ರೆ ಇಲ್ಲ. ಬೈಗುಳ ಮಾತ್ರ ಇದೆ. ಕೋಟೆ ನೆರಳು ಕೇಳಿದ 'ಎಲ್ಲಿಗೆ ಹೋಗಬೇಕು' ಎಂಬ ಪ್ರಶ್ನೆ ನನಗೆ ಹೀಗೆ ಕೇಳಿಸಿತು.

ಸಿನಿಮಾದಲ್ಲೂ ಹಾಗೇ. ಕನ್ನಡದಲ್ಲಿ 'ನಾನು ಅವನಲ್ಲ ಅವಳು' ಬಂತು, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇಬ್ಬರು ಹುಡುಗರ ಒಲವನ್ನು ಅಷ್ಟು ಮರ್ಯಾದೆಯಿಂದ ತೋರಿಸಿದ ಕನ್ನಡ ಸಿನಿಮಾ ಯಾವುದು ಅಂತ ನನ್ನ ವಿದ್ಯಾರ್ಥಿಗಳು ಕೇಳಿದರೆ ನನ್ನ ಹತ್ತಿರ ಹೆಸರಿಲ್ಲ. ಪುಸ್ತಕದಲ್ಲಿ ಇದೆ. ಅದೂ ನಮ್ಮ ಸಂಡೂರಿನವರೇ ಬರೆದದ್ದು. 2013ರಲ್ಲಿ ವಸುಧೇಂದ್ರ ಅವರ 'ಮೋಹನಸ್ವಾಮಿ' ಬಂದಾಗ ನಾನು ಎರಡು ಪ್ರತಿ ತಂದೆ, ಒಂದು ನನಗೆ, ಒಂದು ಸ್ಟಾಫ್ ರೂಮಿಗೆ. ಸ್ಟಾಫ್ ರೂಮಿನದು ಒಂದೇ ವಾರದಲ್ಲಿ ಕಾಣೆಯಾಯಿತು. ಯಾರೋ ಬಚ್ಚಿಟ್ಟುಕೊಂಡು ಓದುತ್ತಿದ್ದಾರೆ ಅಂತ ನಾನು ಹುಡುಕಲಿಲ್ಲ.

ಸಿರುಗುಪ್ಪ ಭತ್ತ

ಎಲ್ಲರದ್ದೂ ಓದಿದೆ. ವಕೀಲರು ಹೇಳಿದ್ದು ಅರ್ಥ ಆಯಿತು. ಹಿಂಸೆ ಬೇರೆ, ಒಲವು ಬೇರೆ. ಸರಿ. ಆದರೆ ನನ್ನ ಪ್ರಶ್ನೆ ಇನ್ನೂ ಉಳಿದಿದೆ. ಹೊರಗೆ ಬಂದ ಮೇಲೆ ಅದು ಹೋಗುವುದಿಲ್ಲ ಅಂತ ಹೇಗೆ ಹೇಳುತ್ತೀರಿ?

ಕೋಟೆ ನೆರಳು, ಬಳ್ಳಾರಿ

ಅಣ್ಣಾ, ನನಗೀಗ ಮೂವತ್ನಾಲ್ಕು. ಹಾಸ್ಟೆಲು ಬಿಟ್ಟು ಹದಿನೇಳು ವರ್ಷ. ಹೋಗಿಲ್ಲ.

ರೀಲು ಡಬ್ಬಿ, ಗಂಗಾವತಿ

ಕೋಟೆ ನೆರಳು ತಮ್ಮಾ, ನಿಮ್ಮ ಪ್ರಶ್ನೆಗೆ ಹತ್ತಿರದ ಸಿನಿಮಾ ಒಂದಿದೆ. ಹುಡುಗರ ಜೈಲಲ್ಲ, ದೊಡ್ಡವರದ್ದು. ಆದರೂ ನೋಡಲೇಬೇಕು. 'ಗ್ರೇಟ್ ಫ್ರೀಡಂ', 2021, ನಿರ್ದೇಶಕ ಸೆಬಾಸ್ಟಿಯನ್ ಮೈಸೆ.

ಜರ್ಮನಿಯಲ್ಲಿ 175ನೇ ಕಲಮು ಅಂತ ಒಂದಿತ್ತು, ನಮ್ಮ 377ರ ಹಾಗೆ. ನಾಜಿಗಳು ಅದನ್ನು ಇನ್ನಷ್ಟು ಕ್ರೂರ ಮಾಡಿದರು. ಯುದ್ಧ ಮುಗಿಯಿತು, ನಾಜಿಗಳು ಹೋದರು. ಆದರೆ ಪಶ್ಚಿಮ ಜರ್ಮನಿ ಆ ಕಲಮನ್ನು ಹಾಗೇ ಇಟ್ಟುಕೊಂಡಿತು. 1969ರಲ್ಲಿ ಸಡಿಲ ಮಾಡಿತು. ಪೂರ್ತಿ ತೆಗೆದದ್ದು 1994ರಲ್ಲಿ. 1969ರ ಹೊತ್ತಿಗೇ ಅಲ್ಲಿ ಸುಮಾರು 50 ಸಾವಿರ ಗಂಡಸರಿಗೆ ಶಿಕ್ಷೆ ಆಗಿತ್ತು.

ಹಾನ್ಸ್ ಅನ್ನುವವನು ನಾಜಿ ಶಿಬಿರದಿಂದ ಬಿಡುಗಡೆಯಾಗಿ ಮನೆಗೆ ಹೋಗುವುದಿಲ್ಲ. ಉಳಿದ ಶಿಕ್ಷೆ ಅನುಭವಿಸಲು ಸೀದಾ ಜೈಲಿಗೆ ಹೋಗುತ್ತಾನೆ. 1945, 1957, 1968, ಮೂರು ಕಾಲದಲ್ಲೂ ಅವನು ಅದೇ ಜೈಲಿನಲ್ಲಿ. ಅಲ್ಲಿ ವಿಕ್ಟರ್ ಎಂಬ ಕೊಲೆ ಕೈದಿ. ಮೊದಲ ದಿನ ಹಾನ್ಸ್ ಜೊತೆ ಒಂದೇ ಕೋಣೆಯಲ್ಲಿ ಇರಲು ಒಪ್ಪದವನು, ಹಾನ್ಸ್ ತೋಳಿನ ಮೇಲೆ ಶಿಬಿರದ ನಂಬರಿನ ಹಚ್ಚೆ ನೋಡುತ್ತಾನೆ. ನೋಡಿ ಸುಮ್ಮನಾಗುತ್ತಾನೆ. ಆಮೇಲೆ ತಾನೇ ಸೂಜಿ ಹಿಡಿದು ಅದರ ಮೇಲೆ ಇನ್ನೊಂದು ಹಚ್ಚೆ ಹಾಕಿ ಆ ನಂಬರು ಮುಚ್ಚುತ್ತಾನೆ. ನೀವು ಹೇಳಿದ 'ಕೇಸ್ ನಂಬರ್ ಆಗಿ ನೋಡದ ಕಣ್ಣು' ಓದಿದಾಗ ನನಗೆ ಆ ಸೂಜಿ ನೆನಪಾಯಿತು.

ಹಾನ್ಸ್ ಪತ್ರ ಬರೆಯುವ ರೀತಿ ಇನ್ನೂ ಚೆಂದ. ಬೈಬಲ್ಲಿನ ಪುಟದಲ್ಲಿ ಬೇಕಾದ ಅಕ್ಷರಗಳನ್ನು ಸೂಜಿಯಿಂದ ಚುಚ್ಚುತ್ತಾನೆ. ಓದುವವನು ಬೆಳಕಿಗೆ ಹಿಡಿದರೆ ಮಾತು ಮೂಡುತ್ತದೆ. 1968ರಲ್ಲಿ ಲಿಯೋ ಎಂಬ ಯುವ ಶಿಕ್ಷಕನೂ ಇದೇ ಕೇಸಿನಲ್ಲಿ ಒಳಗೆ ಬಂದಿರುತ್ತಾನೆ. ಹಾನ್ಸ್ ತಪ್ಪೆಲ್ಲ ತನ್ನದೇ ಅಂತ ಹೇಳಿ ಅವನನ್ನು ಬಿಡಿಸುತ್ತಾನೆ.

ಕೊನೆ ಹೇಳಿಬಿಡುತ್ತೇನೆ, ನಿಮ್ಮ ಪ್ರಶ್ನೆಗೆ ಅದೇ ಮುಖ್ಯ. ಕಾನೂನು ಬದಲಾಗುತ್ತದೆ, ಹಾನ್ಸ್ ಹೊರಗೆ ಬರುತ್ತಾನೆ. ತನ್ನಂಥವರೇ ಸೇರುವ ಬಾರಿಗೆ ಹೋಗುತ್ತಾನೆ. ಅಲ್ಲಿ ನಿಲ್ಲಲಾಗುವುದಿಲ್ಲ. ಬೀದಿಗೆ ಬಂದು ಒಂದು ಅಂಗಡಿ ಗಾಜು ಒಡೆದು, ಸಿಗರೇಟು ಹಚ್ಚಿ, ಪೊಲೀಸರು ಬರಲಿ ಅಂತ ಕೂರುತ್ತಾನೆ. ಅವನ ಜೀವ ಒಳಗಿದೆ.

ಕರಿಕೋಟು, ರಾಯಚೂರು

ಹಾಗಾದರೆ ಕಾನೂನು ಬದಲಾದರೂ ಅವನಿಗೆ ಹೊರಗೆ ಜಾಗ ಸಿಗಲಿಲ್ಲ. ಇದು ನನಗೆ ಬಹಳ ನೋವು ಕೊಟ್ಟಿತು. ನಾವು ವಕೀಲರು ತೀರ್ಪು ಬಂದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ.

ಕೋಟೆ ನೆರಳು, ಬಳ್ಳಾರಿ

ರೀಲು ಡಬ್ಬಿ ಸರ್, ನೀವು ಬರೆದದ್ದನ್ನು ಓದಿ ಫೋನು ಕೆಳಗಿಟ್ಟೆ. ಎರಡು ದಿನ ಏನೂ ಬರೆಯಲಿಲ್ಲ.

ಮೊದಲ ಪೋಸ್ಟಿನಲ್ಲಿ ಒಂದು ಮಾತು ಬಿಟ್ಟಿದ್ದೆ. ಈಗ ಹೇಳುತ್ತೇನೆ. ಊಟದ ಹಾಲ್‌ನಲ್ಲಿ ಪತ್ರ ಓದಿದ ಮೇಲೆ ವಾರ್ಡನ್ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ನೀನೂ ಹೀಗೇನಾ?" ಅಂತ ಕೇಳಿದರು. ನೂರು ಜನ ನೋಡುತ್ತಿದ್ದರು. ಅವನೂ ನೋಡುತ್ತಿದ್ದ. ನಾನು ಅಂದೆ: "ನನಗೇನೂ ಗೊತ್ತಿಲ್ಲ ಸರ್. ಅವನೇ ಬರೆದದ್ದು."

ಹಾನ್ಸ್ ತಪ್ಪೆಲ್ಲ ತನ್ನದು ಅಂದ. ನಾನು ಎಲ್ಲ ಅವನ ಮೇಲೆ ಹಾಕಿದೆ. ಅವನು ತಲೆ ತಗ್ಗಿಸಿ ತಟ್ಟೆಯನ್ನೇ ನೋಡುತ್ತಿದ್ದ. ಅವತ್ತು ಜೋಳದ ರೊಟ್ಟಿ, ಪುಂಡಿ ಪಲ್ಯ ಮಾಡಿದ್ದರು. ಹದಿನೇಳು ವರ್ಷದಿಂದ ನಾನು ಪುಂಡಿ ಪಲ್ಯ ತಿಂದಿಲ್ಲ. ಮನೆಯಲ್ಲಿ ಹುಳಿ ಆಗಲ್ಲ ಅಂತ ಹೇಳಿದ್ದೇನೆ.

ಸಿನಿಮಾದ ಬಗ್ಗೆ ಚರ್ಚೆ ಶುರು ಮಾಡಿದ್ದೆ ನಿಜ. ಒಳಗೆ ಇದ್ದದ್ದು ಇದು.

ಸಿಂಧನೂರು ಅಮ್ಮ

ತಮ್ಮಾ, ನನಗೆ ಟೈಪ್ ಮಾಡಲು ಬರುವುದಿಲ್ಲ. ನಾನು ಹೇಳುತ್ತೇನೆ, ಮಗಳು ಬರೆಯುತ್ತಾಳೆ.

ನನ್ನ ಮಗನೂ ನಿನ್ನ ಹಾಗೆಯೇ. ಮೂರು ವರ್ಷದ ಹಿಂದೆ ಹೇಳಿದ. ಒಲೆ ಮುಂದೆ ಕೂತಿದ್ದೆ. ಅಮ್ಮಾ ನಾನು ಮದುವೆ ಆಗಲ್ಲ, ಹುಡುಗಿ ನೋಡಬೇಡ ಅಂದ. ಯಾಕೋ ಅಂದೆ. ಹೇಳಿದ. ಅವತ್ತು ನಾನು ಕೆಟ್ಟ ಮಾತು ಆಡಿದೆ. ಏನು ಮಾತು ಅಂತ ಇಲ್ಲಿ ಹೇಳಲಾರೆ. ಅವನು ಬೆಂಗಳೂರಿಗೆ ಹೋದ. ಒಂದು ವರ್ಷ ಮಾತಿರಲಿಲ್ಲ. ಆಮೇಲೆ ನಾನೇ ರೈಲು ಹತ್ತಿದೆ. ಅವನೂ ಅವನ ಗೆಳೆಯನೂ ಸ್ಟೇಷನ್ನಿಗೆ ಬಂದಿದ್ದರು. ಆ ಹುಡುಗ ನನ್ನ ಚೀಲ ಇಸಿದುಕೊಂಡು ಮುಂದೆ ನಡೆದ.

ನೀನು ಆಗ ಹುಡುಗ. ಹೆದರಿ ಒಂದು ಮಾತು ಅಂದೆ. ನಾನು ಐವತ್ತು ದಾಟಿದ ಮೇಲೂ ಕೆಟ್ಟ ಮಾತು ಅಂದೆ. ನನ್ನನ್ನೇ ಮಗ ಒಳಗೆ ಕರೆದುಕೊಂಡ. ನೀನು ಅವನನ್ನು ಹುಡುಕು. ಸಿಗುತ್ತಾನೋ ಇಲ್ಲವೋ, ಮಾತಾಡುತ್ತಾನೋ ಇಲ್ಲವೋ, ಅದು ಅವನ ಇಷ್ಟ. ಹುಡುಕುವುದು ನಿನ್ನ ಕೆಲಸ.

ಹುಲಿಗಿ ಹಾದಿ, ಕೊಪ್ಪಳ

ಅಮ್ಮಾ, ನಿಮ್ಮ ಮಗಳಿಗೂ ನಮಸ್ಕಾರ ಹೇಳಿ.

ಹೊಸ ಚಪ್ಪರ, ಬಳ್ಳಾರಿ

ನಾನು ಇಲ್ಲಿಗೆ ಹೊಸಬ. ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಕೆಲಸ. ಇಪ್ಪತ್ತೆರಡು ವಯಸ್ಸು. ಈ ಚರ್ಚೆಯನ್ನು ಊಟದ ಬಿಡುವಿನಲ್ಲಿ ಸ್ವಲ್ಪ ಸ್ವಲ್ಪ ಓದಿದೆ. ಒಂದೇ ಕೇಳುವುದಿದೆ. ಈ ಸಿನಿಮಾಗಳಲ್ಲಿ ಯಾರೂ ಸಾಯದೇ ಇರುವಂಥದ್ದು ಇದೆಯಾ?

ರೀಲು ಡಬ್ಬಿ, ಗಂಗಾವತಿ

ಈ ಪ್ರಶ್ನೆ ನನ್ನನ್ನು ಬಹಳ ಹೊತ್ತು ಕೂರಿಸಿತು. ನೆನಪಿಗೆ ಬಂದ ಒಂದೊಂದನ್ನೂ ಎಣಿಸಿದೆ. ಜಪಾನಿನ ಮಿಕೆ ತಕಾಶಿ 2006ರಲ್ಲಿ ಮಾಡಿದ 'ಬಿಗ್ ಬ್ಯಾಂಗ್ ಲವ್, ಜುವೆನೈಲ್ ಎ'. ಜೈಲಿನ ಹೊರಗೆ ಒಂದು ಕಡೆ ರಾಕೆಟ್ಟು, ಒಂದು ಕಡೆ ಪಿರಮಿಡ್ಡು, ಕನಸಿನ ಹಾಗಿದೆ. ಆದರೆ ಕಥೆ ಇರುವುದೇ ಇಬ್ಬರಲ್ಲಿ ಒಬ್ಬನ ಕೊಲೆಯ ಸುತ್ತ. ಹೆಕ್ಟರ್ ಬಾಬೆಂಕೊ 1985ರಲ್ಲಿ ಮಾಡಿದ 'ಕಿಸ್ ಆಫ್ ದಿ ಸ್ಪೈಡರ್ ವುಮನ್'. ಜೈಲಿನ ಕೋಣೆಯಲ್ಲಿ ಮೊಲಿನಾ ತನ್ನ ಜೊತೆಯವನಿಗೆ ಹಳೆಯ ಸಿನಿಮಾ ಕಥೆ ಹೇಳುತ್ತಾನೆ, ರಾತ್ರಿ ಕಳೆಯಲಿ ಅಂತ. ಆ ಪಾತ್ರಕ್ಕೆ ವಿಲಿಯಂ ಹರ್ಟ್ ಆಸ್ಕರ್ ಪಡೆದ. ಗೇಟು ದಾಟಿ ಹೊರಗೆ ಬಂದ ಮೊಲಿನಾ ಬೀದಿಯಲ್ಲಿ ಗುಂಡೇಟಿಗೆ ಸಾಯುತ್ತಾನೆ.

ಅದೇ ಬಾಬೆಂಕೊ ಅದಕ್ಕೂ ಮುಂಚೆ ಬ್ರೆಜಿಲ್‌ನ ಬೀದಿ ಮಕ್ಕಳ ಬಗ್ಗೆ 'ಪಿಶೋಚಿ' ಮಾಡಿದ್ದ. ಅದರಲ್ಲಿ ಲಿಲಿಕಾ ಅಂತ ಒಬ್ಬಳು, ಗಂಡಾಗಿ ಹುಟ್ಟಿ ಹೆಣ್ಣಿನ ಹಾಗೆ ಬದುಕುವವಳು. ತನಗೆ ಇನ್ನೇನು 18 ತುಂಬುತ್ತದೆ ಅಂತ ಅವಳಿಗೆ ಭಯ. ಇನ್ನು ಮೇಲೆ ಸಿಕ್ಕರೆ ದೊಡ್ಡವರ ಜೈಲು. ಅವಳು ಪ್ರೀತಿಸಿದ ಹುಡುಗನೂ ಸಾಯುತ್ತಾನೆ. ಪಿಶೋಚಿಯಾಗಿ ನಟಿಸಿದ ಫರ್ನಾಂಡೊ ರಾಮೋಸ್ ಡ ಸಿಲ್ವಾ ನಿಜವಾಗಿಯೂ ಬಡ ಮನೆಯ ಹುಡುಗ. 1987ರಲ್ಲಿ, 19ನೇ ವಯಸ್ಸಿಗೆ, ಪೊಲೀಸರ ಗುಂಡಿಗೆ ಸತ್ತ. ಸಿನಿಮಾ ಮುಗಿದರೂ ಅವನನ್ನು ಯಾರೂ ಉಳಿಸಲಿಲ್ಲ. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಕೈ ನಿಲ್ಲುತ್ತದೆ.

ನಿಮಗೆ ಸಮಾಧಾನ ಆಗುವಂಥದ್ದು ಒಂದು ಹೇಳಲೇಬೇಕು. ಕೆನಡಾದಲ್ಲಿ ಜಾನ್ ಹರ್ಬರ್ಟ್ ಅನ್ನುವವರು ಯುವಕರಾಗಿದ್ದಾಗ ಸುಧಾರಣಾ ಜೈಲಿನಲ್ಲಿದ್ದರು. ಆ ಅನುಭವದಿಂದ ಒಂದು ನಾಟಕ ಬರೆದರು, 'ಫಾರ್ಚೂನ್ ಅಂಡ್ ಮೆನ್ಸ್ ಐಸ್'. 1967ರಲ್ಲಿ ನ್ಯೂಯಾರ್ಕಿನಲ್ಲಿ ಆಡಿದರು, 1971ರಲ್ಲಿ ಸಿನಿಮಾ ಆಯಿತು. ನಾಟಕ ಮುಗಿದ ಮೇಲೆ ಪ್ರೇಕ್ಷಕರ ಜೊತೆ ಮಾತುಕತೆ ಇಡುತ್ತಿದ್ದರು. ಜೈಲಿನಿಂದ ಬಿಡುಗಡೆಯಾದವರು ಬಂದು ಮಾತಾಡತೊಡಗಿದರು. ಅದರಿಂದಲೇ ಫಾರ್ಚೂನ್ ಸೊಸೈಟಿ ಅನ್ನುವ ಸಂಸ್ಥೆ ಹುಟ್ಟಿತು. ಜೈಲಿನಿಂದ ಬಂದವರಿಗೆ ಮನೆ, ಕೆಲಸ ಹುಡುಕಿಕೊಡುತ್ತದೆ. ಇವತ್ತಿಗೂ ಇದೆ. ಕೋಟೆ ನೆರಳು ಕೇಳಿದ 'ಗೇಟು ತೆರೆದ ಮೇಲೆ' ಎಂಬುದಕ್ಕೆ ಉತ್ತರ ಪರದೆ ಮೇಲೆ ಸಿಗದಿದ್ದರೂ ಕುರ್ಚಿಗಳ ಸಾಲಿನಲ್ಲಿ ಸಿಕ್ಕಿತು ನೋಡಿ.

ಹೊಸ ಚಪ್ಪರ ತಮ್ಮಾ, 'ಗ್ರೇಟ್ ಫ್ರೀಡಂ'ನಲ್ಲಿ ಸಾವಿದೆ, ಆದರೆ ಹಾನ್ಸ್ ಮತ್ತು ವಿಕ್ಟರ್ ಇಬ್ಬರೂ ಕೊನೆಗೆ ಬದುಕಿರುತ್ತಾರೆ. ಸದ್ಯಕ್ಕೆ ನನ್ನ ಹತ್ತಿರ ಇರುವುದು ಇಷ್ಟು.

ಕರಿಕೋಟು, ರಾಯಚೂರು

ಪರದೆ ಹೊರಗಿನದೂ ಸ್ವಲ್ಪ ಸೇರಿಸುತ್ತೇನೆ. ಜೈಲಿನಲ್ಲಿರುವ ಸಲಿಂಗ ಪ್ರೇಮಿಗಳಿಗೂ ಟ್ರಾನ್ಸ್ ಜನರಿಗೂ ಬೇರೆಯವರಂತೆಯೇ ಭೇಟಿಯ ಹಕ್ಕು ಇರಬೇಕು, ಭೇದ ಮಾಡಬಾರದು ಅಂತ 2024ರಲ್ಲಿ ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ ಪತ್ರ ಬರೆದಿದೆ. ಮದುವೆಯ ಹಕ್ಕು ಮಾತ್ರ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸಿಗಲಿಲ್ಲ. ನಾನು ಇನ್ನು ಮೇಲೆ ಭೇಟಿಯ ವಿಷಯವನ್ನು ನನ್ನ ಕಕ್ಷಿದಾರರಿಗೆ ಮೊದಲ ದಿನವೇ ಹೇಳುತ್ತೇನೆ.

ಸಿರುಗುಪ್ಪ ಭತ್ತ

ಇಷ್ಟು ದಿನ ಓದಿದೆ, ಉತ್ತರ ಬರೆಯಲಿಲ್ಲ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿದೆ ಅಂತ ಸುಳ್ಳು ಹೇಳಲಾರೆ. ನಿನ್ನೆ ಹಾಸ್ಟೆಲಿಗೆ ಹೋಗಿ ಮಗನನ್ನು ನೋಡಿ ಬಂದೆ. ಅವನ ಕೋಣೆಯ ಹುಡುಗರಿಗೂ ತಿಂಡಿ ಒಯ್ದಿದ್ದೆ. ವಾರ್ಡನ್ ಯಾರಾದರೂ ನಿಮ್ಮ ಪತ್ರ ಓದುತ್ತಾರಾ ಅಂತ ಮಗನನ್ನು ಕೇಳಿದೆ. ಈಗ ಯಾರು ಪತ್ರ ಬರೀತಾರಪ್ಪ ಅಂದ. ಮೊಬೈಲು ನೋಡ್ತಾರಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾಕೆ ಕೇಳ್ತೀ ಅಂದ. ನಿನಗೆ ಯಾವ ತೊಂದರೆ ಬಂದರೂ ಮೊದಲು ನನಗೆ ಹೇಳು, ಬೈಯಲ್ಲ ಅಂದೆ. ಬಸ್ಸಿನವರೆಗೆ ಬಂದು ಬಿಟ್ಟು ಹೋದ. ಮುಂಚೆ ಬರುತ್ತಿರಲಿಲ್ಲ.

ಸಿಂಧನೂರು ಅಮ್ಮ

ಆ ಜರ್ಮನಿ ಸಿನಿಮಾ ನಾನೂ ನೋಡಬೇಕು. ಕನ್ನಡದಲ್ಲಿ ಕೆಳಗೆ ಅಕ್ಷರ ಬರುತ್ತದಾ?

ಹುಲಿಗಿ ಹಾದಿ, ಕೊಪ್ಪಳ

ಇಲ್ಲ ಅಮ್ಮಾ, ಇಂಗ್ಲಿಷಿನದು ನೋಡಿ ನಾನು ಮಾಡುತ್ತೇನೆ. ನೀವು ನೋಡಲಿಕ್ಕೆ ಅಂತಲೇ. ರಜೆ ಇದೆ. ಮೊದಲ ಅರ್ಧ ಗಂಟೆಯದು ನನ್ನ ಪಾಲು. ಯಾರಾದರೂ ಜೊತೆ ಸೇರಿದರೆ ಬೇಗ ಮುಗಿಯುತ್ತದೆ. ಮಾತು ಕಮ್ಮಿ ಇರುವ ಸಿನಿಮಾ ಅಂತೆ.

ಹೊಸ ಚಪ್ಪರ, ಬಳ್ಳಾರಿ

ನನಗೆ ಇಂಗ್ಲಿಷ್ ಅಷ್ಟು ಬರಲ್ಲ. ಕನ್ನಡ ಸರಿ ಇದೆಯಾ ಅಂತ ಓದಿ ಹೇಳುತ್ತೇನೆ.

ಕೋಟೆ ನೆರಳು, ಬಳ್ಳಾರಿ

ಕೊನೆಯ ಅರ್ಧ ಗಂಟೆ ನನಗೆ ಕೊಡಿ. ಹಾನ್ಸ್ ತಪ್ಪು ತನ್ನ ಮೇಲೆ ಹಾಕಿಕೊಳ್ಳುವ ಮಾತು ಆ ಭಾಗದಲ್ಲಿ ಇಲ್ಲದಿದ್ದರೆ, ಅದು ಎಲ್ಲಿದೆಯೋ ಆ ಭಾಗ ಕೊಡಿ. ಆ ಮಾತನ್ನು ಕನ್ನಡದಲ್ಲಿ ನಾನೇ ಬರೆಯಬೇಕು.

ಅಮ್ಮಾ, ನೀವು ಹೇಳಿದ ಕೆಲಸ ಶುರು ಮಾಡಿದ್ದೇನೆ. ಹಳೆಯ ಬ್ಯಾಚಿನ ಗುಂಪೊಂದು ಇದೆ, ಅದರಲ್ಲಿ ನಾನಿರಲಿಲ್ಲ. ನಿನ್ನೆ ಸೇರಿದೆ. ಅವನ ಊರಿನ ಒಬ್ಬನ ನಂಬರು ಸಿಕ್ಕಿದೆ. ಇನ್ನೂ ಫೋನು ಮಾಡಿಲ್ಲ. ನಾಳೆ ಬೆಳಿಗ್ಗೆ ಮಾಡುತ್ತೇನೆ.